ತಿಳಿಯದವರಂತೆ ಕೂರುತ್ತಿದ್ದ ಸರ್

ಹೇಳಿದರೆ ನೀವು ನಂಬುವುದಿಲ್ಲ, ಪಿಯುಸಿಯಲ್ಲಿ ಫಿಸಿಕ್ಸ್ ಟ್ಯೂಷನ್ ಸರ್‌ಗೆ ನಾನೇ ಪಾಠ ಮಾಡುತ್ತಿದ್ದೆ! ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬರುತ್ತಿದ್ದ ಅವರು ಪಾಠ ಮುಗಿಸಿ, ಚಾಕ್‌ಪೀಸ್ ನನ್ನ ಕೈಗಿಟ್ಟು, ಚಾಪೆಯ ಮೇಲೆ ಹುಡುಗರ ನಡುವೆ ಕೂತು ತಲೆ ಕೆರೆದುಕೊಳ್ಳುತ್ತಿದ್ದರು. "ನನಗ ತಿಳಿವಲ್ದಪ, ನೀ ಹೇಳು." ಹಾಗೆ ಅವರಿಗೆ ವಿವರಿಸಿ ವಿವರಿಸಿಯೇ ಇಡೀ ಪುಸ್ತಕ ನಮಗೆ ಅರ್ಥವಾಗುತ್ತಿತ್ತು.

ಅದು ಅವರ ಉಪಾಯವೆಂದು ಗೊತ್ತಿದ್ದರೂ, ನಗಿಸಲು ಒಂದು ದಿನ ಮನೆಯಲ್ಲಿ ಬಡಾಯಿ ಕೊಚ್ಚಿದೆ: "ಸರ್‌ಗ ಏನೂ ಬರಂಗಿಲ್ಲ, ನಾನ ಕಲಿಸಾಕತ್ತೇನಿ." ಎಲ್ಲರೂ ನಕ್ಕರು, ಅಪ್ಪನನ್ನು ಬಿಟ್ಟು.

ಮರುದಿನ ನಾನು ಬೋರ್ಡಿನ ಮುಂದೆ ನಿಂತು ಮಸೂರ ವಿವರಿಸುತ್ತಿದ್ದಾಗ ಅಪ್ಪ ಒಳಗೆ ಬಂದ.

"ಏನ್ರಿ ಮಾಸ್ತರ್, ನಮ್ಮ ಹುಡುಗನ ಕಡೆ ನೀವ ಕಲಿಯಾಕತ್ತೀರೇನ್?"

"ಹಂಗಲ್ರಿ, ಅವಗ ಕೇಳ್ರಿ," ಎಂದು ಸರ್ ನನ್ನತ್ತ ನೋಡಿದರು.

ನಾನು ನೆಲ ನೋಡಿದೆ. ಅಪ್ಪ ನನ್ನ ಕೈ ಹಿಡಿದು ಎಳೆದ. ಹಿಂದೆ ಉಳಿದ ಹುಡುಗರೂ ಒಬ್ಬೊಬ್ಬರಾಗಿ ಪುಸ್ತಕ ಮಡಚಿ ಎದ್ದರು.