ಲಿಯೋನ್‌ನ ಈರುಳ್ಳಿ ಸೂಪು

ಬೇಸಿಗೆ ರಜೆ ಹತ್ತಿರವಾಯಿತೆಂದರೆ ಸ್ಯಾನ್ ಹೊಸೆಯ ನಮ್ಮ ಕನ್ನಡದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪಟ್ಟಿ ಓಡಾಡಲು ಶುರುವಾಗುತ್ತದೆ. ‘ಲಿಯೋನ್‌ನಲ್ಲಿ ನಮ್ಮಂಥೋರು ಎಲ್ಲಿ ಊಟ ಮಾಡ್ಬೇಕು’ ಎಂದು ಅದರ ತಲೆಬರಹ. ಫ್ರಾನ್ಸಿಗೆ ಹೊರಟ ಸಸ್ಯಾಹಾರಿಗಳಿಗೆಲ್ಲ ಅದು ಪಂಚಾಂಗವಿದ್ದಂತೆ. ಬರೆದವಳು ನನ್ನ ಗೆಳತಿ. ಅವಳು ತೀರಿಕೊಂಡು ಮೂರು ವರ್ಷವಾಯಿತು. ಕಳಿಸುವವರಿಗೆ ಅದು ಗೊತ್ತಿರುವುದಿಲ್ಲ. ‘ಯಾರೋ ಚೆನ್ನಾಗಿ ಬರ್ದಿದಾರೆ, ನೋಡಿ’ ಎಂದು ನನಗೇ ಕಳಿಸುತ್ತಾರೆ.

ಓದಿದರೆ ಅವಳೇ ಎದುರು ಕೂತು ಮಾತಾಡಿದ ಹಾಗಿರುತ್ತದೆ. ‘ಸಾಲಡ್ ಹೇಳೋವಾಗ ಹುಷಾರು, ಮೇಲೆ ಹಂದಿ ಚೂರು ಉದುರಿಸಿರ್ತಾರೆ.’ ‘ನೇಕಾರನ ಮಿದುಳು ಅಂತ ಒಂದು ಐಟಮ್ ಇದೆ, ಹೆಸರು ಕೇಳಿ ಓಡಿಹೋಗ್ಬೇಡಿ, ಗಟ್ಟಿ ಮೊಸರಿಗೆ ಸೊಪ್ಪು ಬೆಳ್ಳುಳ್ಳಿ ಹಾಕಿರ್ತಾರೆ ಅಷ್ಟೆ.’ ಆದರೆ ಎಲ್ಲಕ್ಕೂ ಮೇಲೆ, ಮೊದಲ ಸಾಲು ಇದು: ‘ನದಿ ಪಕ್ಕದ ಗಲ್ಲೀಲಿ ಕೆಂಪು ಚೌಕಳಿ ಮೇಜುಬಟ್ಟೆಯ ಪುಟ್ಟ ಹೋಟ್ಲು. ಈರುಳ್ಳಿ ಸೂಪು. ಕಣ್ಮುಚ್ಕೊಂಡು ತಿನ್ನಿ. ನಾನು ನಾಲ್ಕು ದಿನ, ನಾಲ್ಕು ಸಲ ತಿಂದೆ.’

ಆ ಸಾಲು ಕಂಡಾಗಲೆಲ್ಲ ನಾನು ಫೋನನ್ನು ಮಕಾಡೆ ಮಲಗಿಸುತ್ತೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜಾತಿ ನನ್ನದು.

ಅವಳು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಲಿಯೋನ್‌ನಲ್ಲಿ ಅವಳಿಗೊಂದು ಕಾನ್ಫರೆನ್ಸು ಬಿತ್ತು. ನಾನೂ ರಜೆ ಹಾಕಿ ಬಾಲದಂತೆ ಹೊರಟೆ. ನನ್ನನ್ನು ಕರೆದುಕೊಂಡು ಹೋಗಲು ಅವಳಿಗೆ ಇನ್ನೊಂದು ಕಾರಣವಿತ್ತು. ಬೆಂಗಳೂರಿನಲ್ಲಿ ಪಿಯುಸಿ ಓದುವಾಗ, ಮಾರ್ಕ್ಸು ಧಾರಾಳವಾಗಿ ಬರುತ್ತದೆಂದು ಕನ್ನಡ ಬಿಟ್ಟು ಫ್ರೆಂಚ್ ತೆಗೆದುಕೊಂಡವಳು ನಾನು. ‘ನಿನ್ನ ಫ್ರೆಂಚ್ ನಂಬ್ಕೊಂಡು ಬರ್ತಿದೀನಿ ಕಣೆ’ ಎಂದಿದ್ದಳು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವಳು ಅವಳು. ಗ್ರೋಸರಿಗೆ ಹೋದರೆ ಪ್ರತಿ ಪ್ಯಾಕೆಟ್ಟಿನ ಬೆನ್ನು ಓದದೆ ಬುಟ್ಟಿಗೆ ಹಾಕುತ್ತಿರಲಿಲ್ಲ. ಅವಳ ಜೊತೆ ಅಂಗಡಿಗೆ ಹೋದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ.

ಮೊದಲ ದಿನ ಆ ಹೋಟೆಲಿನಲ್ಲಿ ನಾನು ಬಡಿಸುವವನನ್ನು ಕೇಳಿದೆ, ಸೂಪಿನಲ್ಲಿ ಮಾಂಸ ಇದೆಯಾ ಎಂದು. ಇಲ್ಲ ಮದಾಂ, ಎಂದ. ಇಬ್ಬರೂ ತಿಂದೆವು. ಮೇಲೆ ಕಂದುಬಣ್ಣಕ್ಕೆ ತಿರುಗಿದ ಚೀಸು, ಅದರಡಿ ನೆನೆದ ಬ್ರೆಡ್ಡು, ಅದರಡಿ ಬೆಣ್ಣೆಯಂತೆ ಕರಗಿದ ಈರುಳ್ಳಿ. ಅವಳು ಬಟ್ಟಲನ್ನು ಬ್ರೆಡ್ಡಿನಲ್ಲಿ ಒರೆಸಿ ಒರೆಸಿ ತಿಂದಳು.

ಎರಡನೇ ದಿನವೂ ಅಲ್ಲಿಗೇ ಎಳೆದುಕೊಂಡು ಹೋದಳು. ಅವಳು ಕೈ ತೊಳೆಯಲು ಹೋದಾಗ, ಸುಮ್ಮನಿರಲಾರದೆ ನನ್ನ ಫ್ರೆಂಚ್ ಮೆರೆಸಲು, ಇದಕ್ಕೆ ಇಷ್ಟು ರುಚಿ ಹೇಗೆ ಬರುತ್ತದೆ ಎಂದು ಆ ಬಡಿಸುವವನನ್ನು ಕೇಳಿದೆ. ಅವನು ಹೆಮ್ಮೆಯಿಂದ, ನಿಧಾನವಾಗಿ, ನನಗೆ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದ. ದನದ ಮೂಳೆಯನ್ನು ಇಡೀ ದಿನ ಬೇಯಿಸಿ ಸೋಸಿದ ನೀರು. ನಾನು ಕೇಳಿದ್ದು ಮಾಂಸದ ವಿಷಯ. ನೀರಿನ ವಿಷಯ ಕೇಳಿರಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ.

ಅವಳು ಬಂದು ಕೂತಳು, ಚಮಚ ಎತ್ತಿದಳು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹಿಂದಿನ ದಿನ ಫ್ರೆಂಚಿನಲ್ಲಿ ವಿಚಾರಿಸಿ ತೋರಿಸಿದ್ದ ಜಂಬ ಅಡ್ಡ ಬಂತು. ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡೆ. ನಾಳೆಯೂ ಹೇಳಲಿಲ್ಲ. ವಾಪಸು ಬರುವಾಗ ವಿಮಾನದಲ್ಲಿ ಕೂತು ಆ ಪಟ್ಟಿ ಬರೆದಳು. ನಾನು ಪಕ್ಕದಲ್ಲೇ ಕೂತು ಓದಿ, ‘ಚೆನ್ನಾಗಿದೆ’ ಎಂದೆ.

ಎರಡು ವರ್ಷದ ಮೇಲೆ ಅವಳಿಗೆ ಕಾಯಿಲೆ ಬಂತು. ಔಷಧಿಯಿಂದ ನಾಲಿಗೆ ಹೆಚ್ಚುಕಡಿಮೆ ಸತ್ತೇಹೋಗಿತ್ತು. ಒಂದು ದಿನ ಆಸ್ಪತ್ರೆಯಲ್ಲಿ, ‘ಆ ಸೂಪು ಸಿಕ್ಕಿದ್ರೆ ಒಂದು ಚಮಚ ತಿಂತಿದ್ದೆ’ ಎಂದಳು. ನಾನು ಮನೆಗೆ ಬಂದು ಒಂದು ಗಂಟೆ ಸಣ್ಣ ಉರಿಯಲ್ಲಿ ಈರುಳ್ಳಿ ಹುರಿದೆ. ತರಕಾರಿ ಬೇಯಿಸಿದ ನೀರು ಹಾಕಿದೆ. ಚೀಸು ಕರಗಿಸಿದೆ. ಬಿಸಿಯಾರದಂತೆ ಡಬ್ಬಿಗೆ ಟವೆಲ್ ಸುತ್ತಿ ಒಯ್ದೆ.

ಅವಳು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ‘ಎಲ್ಲಾ ಸರಿ ಇದೆ ಕಣೆ. ಏನೋ ಒಂದು ಕಮ್ಮಿ. ಏನು ಹಾಕ್ಲಿಲ್ಲ ಹೇಳು?’

‘ಗೊತ್ತಿಲ್ಲ’ ಎಂದೆ.

ಅದಾಗಿ ಹತ್ತು ದಿನಕ್ಕೆ ಹೋದಳು. ಅಂದಿನಿಂದ ನನ್ನ ಅಡುಗೆಮನೆಯಲ್ಲಿ ಈರುಳ್ಳಿ ಕೆಂಪಗಾಗುವ ವಾಸನೆ ಬಂದರೆ ಸಾಕು, ಬೆನ್ನ ಹಿಂದೆ ಆ ಪ್ರಶ್ನೆ ಕೇಳಿಸುತ್ತದೆ. ಏನು ಹಾಕ್ಲಿಲ್ಲ ಹೇಳು. ಹಾಡಹಗಲಲ್ಲಿ, ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಮಷೀನಿನ ಗದ್ದಲದ ನಡುವೆಯೂ ಕೇಳಿಸುತ್ತದೆ. ತಿರುಗಿ ನೋಡಿದ್ದೇನೆ. ಹುಚ್ಚು ಎನ್ನಿ ಬೇಕಾದರೆ. ನನಗೆ ಭಯವಾಗುತ್ತದೆ. ಹುಳಿಗೆ ಈರುಳ್ಳಿ ಹಾಕುವುದನ್ನೇ ಬಿಟ್ಟಿದ್ದೇನೆ.

ಈ ವರ್ಷ ಒಂದು ಶನಿವಾರ ಬೆಳಗ್ಗೆ ಅವಳ ಮಗಳು ಬಂದಳು. ಹದಿನೇಳು ವರ್ಷ. ತಾಯಿ ಹೋದ ಮೇಲೆ ಅಪ್ಪ ಮಗಳು ಗಿಲ್‌ರಾಯ್‌ಗೆ ಮನೆ ಬದಲಾಯಿಸಿದ್ದರು. ಅಲ್ಲಿಂದ ಹೊಸ ಲೈಸೆನ್ಸಿನ ಹುಮ್ಮಸ್ಸಿನಲ್ಲಿ ಫ್ರೀವೇ ಮೇಲೆ ಒಬ್ಬಳೇ ಬಂದಿದ್ದಳು. ತಾಯಿ ಇದ್ದಾಗ ಕದ್ದು ಚಿಕನ್ ಬರ್ಗರ್ ತಿನ್ನುತ್ತಿದ್ದ ಹುಡುಗಿ, ಈಗ ತಾಯಿಗಿಂತ ಮಡಿ. ಅವಳೂ ಪ್ಯಾಕೆಟ್ಟಿನ ಬೆನ್ನು ಓದುತ್ತಾಳೆ. ಮುಂದಿನ ವಾರ ಅಪ್ಪನ ಜೊತೆ ಲಿಯೋನ್‌ಗೆ ಹೊರಟಿದ್ದಳು. ಅಮ್ಮನ ಪಟ್ಟಿಯನ್ನು ಪ್ರಿಂಟ್ ತೆಗೆದು, ಭಾನುವಾರದ ಕನ್ನಡ ಕ್ಲಾಸಿನ ಕೃಪೆಯಿಂದ ಬೆರಳಿಟ್ಟು ಒಂದೊಂದೇ ಅಕ್ಷರ ಓದಿಕೊಂಡಿದ್ದಳು.

‘ಆಂಟಿ, ಯೂ ವರ್ ದೇರ್ ವಿತ್ ಹರ್. ಯಾವ ಟೇಬಲ್? ಐ ವಾಂಟ್ ಟು ಸಿಟ್ ವೇರ್ ಶೀ ಸ್ಯಾಟ್. ಫಸ್ಟ್ ಆ ಸೂಪ್.’

ನಾನು ಕಾಫಿಗೆ ಇಟ್ಟಿದ್ದ ಹಾಲನ್ನು ಇಳಿಸಿ, ಅವಳೆದುರು ಕೂತು ಹೇಳಿದೆ. ಮಾಂಸ ಇದೆಯಾ ಎಂದು ಕೇಳಿದ್ದು, ಮೂಳೆಯ ನೀರು, ಎರಡನೇ ದಿನ ನನಗೆ ತಿಳಿದದ್ದು, ಎಲ್ಲ. ಅಷ್ಟು ವರ್ಷ ಬಾಯೊಳಗಿದ್ದದ್ದು ಐದು ನಿಮಿಷದಲ್ಲಿ ಮುಗಿದುಹೋಯಿತು.

‘ಡಿಡ್ ಶೀ ನೋ?’

‘ಇಲ್ಲ ಪುಟ್ಟಿ. ಕೊನೇವರೆಗೂ ಗೊತ್ತಿರ್ಲಿಲ್ಲ.’

ಅವಳು ಪಟ್ಟಿಯ ಕಾಗದವನ್ನು ಮೇಜಿನ ಮೇಲಿಟ್ಟಳು. ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಆಮೇಲೆ ತಡವರಿಸುತ್ತ ಕನ್ನಡದಲ್ಲಿ ಕೇಳಿದಳು. ‘ಗೊತ್ತಾದ್ಮೇಲೆ ನೀವು ತಿಂದ್ರಾ, ಆಂಟಿ?’

ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

‘ಇಲ್ಲ. ಹೊಟ್ಟೆ ಸರಿ ಇಲ್ಲ ಅಂತ ಹೇಳಿ ಉಳಿದ ಮೂರು ದಿನಾನೂ ಬರೀ ಬ್ರೆಡ್ಡು ತಿಂದೆ.’

‘ನೀವು ನಿಲ್ಸಿದ್ರಿ. ಅಮ್ಮಂಗೆ ಹೇಳ್ಲಿಲ್ಲ.’

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಆ ಸಾಲನ್ನು ತೆಗೆದುಬಿಡುತ್ತೇನೆ, ಗುಂಪಿಗೂ ತಿಳಿಸುತ್ತೇನೆ ಎಂದೆ. ಬೇಡ ಎಂದು ತಲೆಯಾಡಿಸಿದಳು. ಅಮ್ಮ ಬರೆದದ್ದನ್ನು ಯಾರೂ ಅಳಿಸಕೂಡದು. ಅದರ ಕೆಳಗೆ ನೀವು ಬರೆಯಿರಿ ಎಂದು ಪೆನ್ನು ಕೊಟ್ಟಳು.

ಬರೆದೆ. ‘ಇದರಲ್ಲಿ ದನದ ಮೂಳೆಯ ನೀರು ಇರುತ್ತದೆ. ಬರೆದವಳಿಗೆ ಗೊತ್ತಿರಲಿಲ್ಲ.’ ಕಾಗದವನ್ನು ಅವಳ ಕಡೆ ತಿರುಗಿಸಿದೆ. ಅವಳು ಬೆರಳಿಟ್ಟು ಅಕ್ಷರ ಕೂಡಿಸಿ ಕೊನೆಯವರೆಗೆ ಓದಿದಳು. ಓದಿ ಮುಗಿದ ಮೇಲೂ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ನನಗೆ ಅರ್ಥವಾಯಿತು. ಕಾಗದ ವಾಪಸು ತೆಗೆದುಕೊಂಡು, ‘ನನಗೆ ಗೊತ್ತಿತ್ತು’ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ.