ಪೂಜೆಗಿಟ್ಟ ರೂಟರ್

ಆಯುಧಪೂಜೆಯ ಬೆಳಿಗ್ಗೆ ನಾನು ಹಳೆಯ ರೂಟರೊಂದನ್ನು ಕಚೇರಿಯ ಗೋಡೆಯಿಂದ ಬಿಚ್ಚಿದೆ. ಲಕ್ಷ್ಮೀಪುರಂನಲ್ಲಿದ್ದ ನಮ್ಮ ಪುಟ್ಟ ಕಚೇರಿ ಮನೆಗಳಿಗೆ ಇಂಟರ್‌ನೆಟ್ ಮೂಲಕ ಟಿ.ವಿ. ಕೊಡುತ್ತಿತ್ತು. ನಾನು ಸೇರಿ ಐದು ತಿಂಗಳಾಗಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆ ಹಳೆಯ ಪೆಟ್ಟಿಗೆಯ ಮೂಲಕ ಒಂದು ಚಾನೆಲ್ಲೂ ಹರಿಯುತ್ತಿರಲಿಲ್ಲ, ಎರಡು ಸಲ ಪರೀಕ್ಷಿಸಿ ನೋಡಿದ್ದೆ. ಧೂಳು ಒರೆಸಿ ಏಣಿ, ಇಕ್ಕಳಗಳ ಪಕ್ಕ ಇಟ್ಟೆ. ಲೈನ್‌ಮ್ಯಾನ್ ಅದಕ್ಕೂ ಕುಂಕುಮ ಹಚ್ಚಿ ಸೇವಂತಿಗೆ ಮುಡಿಸಿದರು.

ಮಧ್ಯಾಹ್ನದಿಂದ ಫೋನುಗಳು ಶುರುವಾದವು. ಚಿತ್ರ ನಾಲ್ಕು ನಿಮಿಷ ಬಂದು ನಿಲ್ಲುತ್ತದೆ. ಚಾನೆಲ್ ಬದಲಿಸಿ ವಾಪಸ್ ಬಂದರೆ ಇನ್ನು ನಾಲ್ಕು ನಿಮಿಷ. ಕೇಬಲ್, ಸರ್ವರ್ ಎಲ್ಲ ತಡಕಾಡಿದೆ. ಮರುದಿನ ವಿಜಯದಶಮಿಯ ಬೆಳಿಗ್ಗೆಯೂ ಅದೇ ಪಾಡು. ಮಾಲೀಕರು ಬಾಗಿಲಲ್ಲೇ ನಿಂತು ಹೇಳಿದರು:

"ಸಂಜೆ ಪಂಜಿನ ಕವಾಯತು ಶುರುವಾಗೋದ್ರೊಳಗೆ ಸರಿ ಮಾಡ್ಬುಡಿ. ಇಲ್ಲಾಂದ್ರೆ ನಾಳೆಯಿಂದ ಬರೋದೇ ಬೇಡ ಕಣ್ರೀ."

ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಆ ಸದ್ದಿನೊಳಗೆ ಅತ್ತೆ.

ನಾಲ್ಕು ಗಂಟೆಗೆ ಲೈನ್‌ಮ್ಯಾನ್ ಬನ್ನಿಮಂಟಪದ ಮನೆಗಳಿಗೆ ಹೋಗಿ ಬಂದರು. "ಜನಕ್ಕೆ ರಿಮೋಟ್ ಒತ್ತಿ ಒತ್ತಿ ಹೆಬ್ಬೆಟ್ಟು ಸವೆದೋಯ್ತು ಕಣಮ್ಮ. ಕೇಳಿದ್ರೆ ಬತ್ತದೆ, ಸುಮ್ನೆ ಕೂತ್ರೆ ಒಂಟೋಯ್ತದೆ."

ಸುಮ್ಮನೆ ಕೂತರೆ. ಕಾಲೇಜಿನಲ್ಲಿ ಓದಿದ್ದೇ ಇದು. ಚಾನೆಲ್ಲಿನ ಒಂದೇ ಪ್ರತಿ ಹೊರಡುತ್ತದೆ. ದಾರಿ ಕವಲೊಡೆಯುವಲ್ಲಿ ಮಾತ್ರ ಅಲ್ಲಿನ ರೂಟರ್ ಅದನ್ನು ಎರಡು ಮಾಡುತ್ತದೆ, ಮರದ ಹಾಗೆ. ಯಾರಾದರೂ ನೋಡುತ್ತಿದ್ದೀರಾ ಎಂದು ಒಂದು ಪೆಟ್ಟಿಗೆ ಆಗಾಗ ಮನೆಗಳನ್ನು ಕೇಳುತ್ತಿರಬೇಕು. ಉತ್ತರ ಬಂದರೆ ಕೊಂಬೆ ಉಳಿಯುತ್ತದೆ. ಪ್ರಶ್ನೆಯೇ ಹೋಗದಿದ್ದರೆ ಉತ್ತರವೂ ಇಲ್ಲ; ಮನೆಮಂದಿಯೆಲ್ಲ ಪರದೆಯ ಮುಂದಿದ್ದರೂ ಕವಲಿನ ರೂಟರ್ ಆ ಕೊಂಬೆಯನ್ನು ಕತ್ತರಿಸುತ್ತದೆ. ಹಾಗೆ ಕೇಳುತ್ತಿದ್ದ ಪೆಟ್ಟಿಗೆ ಹೂ ಮುಡಿದು ಮೂಲೆಯಲ್ಲಿ ಕೂತಿತ್ತು.

"ಇನ್ನೂ ಮರುಪೂಜೆ ಆಗಿಲ್ಲ, ಮುಟ್ಬಾರ್ದು ತಾಯಿ," ಎಂದು ಲೈನ್‌ಮ್ಯಾನ್ ತಡೆದರು.

"ಮುಟ್ತೀನಿ," ಎಂದೆ.

ಅದನ್ನು ಮತ್ತೆ ಗೋಡೆಗೆ ಜೋಡಿಸಿ ವೈರು ಸಿಕ್ಕಿಸಿದೆ. ಐದು ನಿಮಿಷ ಕಳೆಯಿತು, ಹತ್ತು, ಇಪ್ಪತ್ತು. ಚಿತ್ರ ನಿಲ್ಲಲಿಲ್ಲ.

ಮಾಲೀಕರು ಬಂದು ಏನಾಗಿತ್ತು ಎಂದು ಕೇಳಿದರು.

"ಇಲಿ ಸಾರ್, ವೈರು ಕಡಿದಿತ್ತು," ಎಂದರು ಲೈನ್‌ಮ್ಯಾನ್, ನನ್ನತ್ತ ನೋಡದೆ.

ನಾನು ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. "ಇಲಿ ಅಲ್ಲ ಸಾರ್. ಆ ರೂಟರ್ ಬಿಚ್ಚಿದ್ದು ನಾನು."

"ಅದೇನು ಕೆಲಸ ಮಾಡುತ್ತೆ ಅಂತ ಗೊತ್ತಿಲ್ದೇ ಕಿತ್ತಾಕ್ಬುಟ್ರಾ?"

"ಹೌದು."

ಅವರು ಕೈ ಚಾಚಿದರು. ಕಚೇರಿಯ ಬೀಗದ ಕೈ ಕೊಟ್ಟೆ.

ಲೈನ್‌ಮ್ಯಾನ್ ಮೆಟ್ಟಿಲವರೆಗೆ ಬಂದರು. "ಇಲಿ ಅಂದಿದ್ನಲ್ಲವ್ವ," ಎಂದರು, ಬಯ್ಯುವವರ ಹಾಗೆ. ನಾನು ಬಗ್ಗಿ ಚಪ್ಪಲಿ ಹಾಕಿಕೊಂಡೆ.