ರಸ್ತೆ ದಾಟದ ಮಾಸ್ತರರು

ಮಾಸ್ತರರ ತೋರುಬೆರಳಿನ ಉಗುರು ಹಳದಿಗಟ್ಟಿ ಉದ್ದಕ್ಕೆ ಬೆಳೆದಿತ್ತು. ಅದರಿಂದ ಕಂಪ್ಯೂಟರಿನ ಗಾಜನ್ನು ಟಕ್ಕೆಂದು ಕುಟ್ಟಿದರೆ, ಶಹಾಬಾದಿನ ಆ ತರಬೇತಿ ಕೋಣೆಯಲ್ಲಿ ನಮ್ಮ ಜೀವ ಬಾಯಿಗೆ ಬರುತ್ತಿತ್ತು.

ಎರಡು ಸಾವಿರದ ಆಸುಪಾಸಿನ ವರ್ಷಗಳು. ಯಾರು ಬೇಕಾದರೂ ತೆರೆದು ತಿದ್ದಬಹುದಾದ ಮುಕ್ತ ತಂತ್ರಾಂಶವೊಂದರ ಸಿ.ಡಿ. ತಂದು, ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಅದರಲ್ಲಿ ಕೊಡುವ ಎಚ್ಚರಿಕೆಗಳನ್ನು ನಮ್ಮಿಂದ ಸರಿಮಾಡಿಸುತ್ತಿದ್ದರು. ಹೆಚ್ಚಿನವು ಒಂದೇ ಜಾತಿಯವು: ದೊಡ್ಡ ಸಂಖ್ಯೆಯನ್ನು ಚಿಕ್ಕ ಜಾಗಕ್ಕೆ ತುರುಕಬೇಡ, ಹಿಡಿಯದ ಭಾಗ ಕತ್ತರಿಸಿಹೋಗುತ್ತದೆ. ಜಾಗ ದೊಡ್ಡದು ಮಾಡುವುದೇ ಸರಿಯಾದ ದಾರಿ. ಆದರೆ "ನನಗೆ ಗೊತ್ತು, ಸುಮ್ಮನಿರು" ಎನ್ನುವಂಥ ಪದವೊಂದನ್ನು ಮುಂದೆ ಹಚ್ಚಿದರೂ ಎಚ್ಚರಿಕೆ ಮಾಯ. ನಾನು ಎಲ್ಲ ಕಡೆ ಅದನ್ನೇ ಹಚ್ಚಿದೆ.

ಮಾಸ್ತರರು ನನ್ನ ವಾರದ ಕೆಲಸವನ್ನೆಲ್ಲ ಕಣ್ಣೆದುರೇ ಅಳಿಸಿದರು. "ಭಾಳ ಶಾಣ್ಯಾಕಿ ಆಗೀದಿ. ಹೋಗು, ರಸ್ತಾ ದಾಟಿ ಎದುರಿನ ಚಾಚಾನ ಅಂಗಡ್ಯಾಗ ಚಾ ಕುಡ್ದು ಬಾ. ಲಾರಿ ಯಾಕ ಬಿಟ್ಟಿ ಅಂತ ಕೇಳು."

ಚಾಚಾ ಒಂದೇ ಕೈಯಿಂದ ಚಹಾ ಸೋಸಿದರು. ಎಡಗೈ ಮಡಚುತ್ತಿರಲಿಲ್ಲ. "ಖಣಿಯಿಂದ ಆ ದಿನ ಎಲ್ಲಾರ್ಕಿಂತ ಹೆಚ್ಚು ಕಲ್ಲಿನ ಖೇಪು ನಾನೇ ಹೊಡದಿದ್ದೆ, ಬೇಟಿ. ಸಂಜಿಕ್ಕ ತೂಕದ ಕಾಗದದಾಗ ನಂದೇ ಎಲ್ಲಾರ್ಕಿಂತ ಕಮ್ಮಿ. ಹಾದ್ಯಾಗ ಕಲ್ಲು ಮಾರ್ಕೊಂಡಾನ ಅಂತ ಕಂಬಕ್ಕ ಕಟ್ಟಿ ಹೊಡದ್ರು. ಆ ತೂಕದ ಮಶೀನಿನ ಪ್ರೋಗ್ರಾಮ್ ಬರ್ದಾಂವ ನಿಮ್ಮ ಮಾಸ್ತರ್."

ಮರಳಿ ಬಂದು ಕೇಳಿದೆ. ಮಾಸ್ತರರು ತಲೆ ಎತ್ತಲಿಲ್ಲ. "ಹೂಂ. ಅವನ ದಿನದ ಒಟ್ಟು ತೂಕ ಜಾಗದಾಗ ಹಿಡೀಲಿಲ್ಲ, ಕತ್ತರಿಸಿ ಹೋತು. ಕಂಪೈಲರ್ ಹೇಳಿತ್ತು, ನಾನೇ ಅದರ ಬಾಯಿ ಮುಚ್ಚಿಸಿದ್ದೆ. ಕುಂದ್ರು, ಮೊದಲಿಂದ ಮಾಡು."

"ಚಾಚಾಗ ಮಾಫಿ ಕೇಳೀರೇನ್ರಿ, ಸರ್?"

ಉಗುರು ಟಕ್ಕೆಂದಿತು. "ಅಂವ ಪಾಠ. ಪಾಠಕ್ಕ ಯಾರರೆ ಮಾಫಿ ಕೇಳ್ತಾರೇನು?"

ಪ್ರತಿ ವರ್ಷದ ಹುಡುಗರನ್ನೂ ಹಾಗೇ ಅಟ್ಟಿದರು. ತಾವು ಮಾತ್ರ ಆ ಅಂಗಡಿಯ ಮೆಟ್ಟಿಲು ತುಳಿಯಲಿಲ್ಲ. ಬಾಯಾರಿದರೆ ಹೂಜಿಯ ನೀರು ಕುಡಿಯುತ್ತಿದ್ದರು. ಅವರು ಕಲಿಸಿದ್ದರಿಂದಲೇ ಇವತ್ತು ನನ್ನ ಅನ್ನ. ಋಣ ಒಪ್ಪುತ್ತೇನೆ. ಅವರು ತೀರಿಹೋದಾಗ ಕಣ್ಣೀರು ಮಾತ್ರ ಬರಲಿಲ್ಲ.

ಹೆಣ ರಸ್ತೆ ದಾಟಿ ಚಾಚಾನ ಅಂಗಡಿಯ ಮಗ್ಗುಲಿಗೇ ಹಾದು ಹೋಯಿತು. ಚಾಚಾ ಎದ್ದು ನಿಂತರು. "ಈಗರೆ ಮಾಫ್ ಮಾಡ್ರಿ, ಚಾಚಾ" ಎಂದೆ.

"ಕೇಳಿದ್ರ ಎಂದೋ ಮಾಡ್ತಿದ್ದೆ, ಬೇಟಿ. ಈ ರಸ್ತಾ ದಾಟಾಕ ಅವಂಗ ನಾಕು ಮಂದಿ ಹೆಗಲು ಬೇಕಾತು, ನೋಡು."

ಅಷ್ಟು ಹೇಳಿ, ಒಂದೇ ಕೈಯಿಂದ ಮತ್ತೆ ಗ್ಲಾಸು ತೊಳೆಯತೊಡಗಿದರು.